ವಿಚ್ಛೇದನದ ಸಂದರ್ಭದಲ್ಲಿ ಮಗುವಿನ ಸುಪರ್ದು: ವಕೀಲರನ್ನು ಆರಿಸಿಕೊಳ್ಳುವ ಬಗೆ

ಕುಟುಂಬ ಕಲ್ಯಾಣವೆಂದರೆ ಹೆರಿಗೆಗಳ ನಡುವಣ ಅಂತರ, ಗರ್ಭಿಣಿ ಬಾಣಂತಿಯರ ಆರೈಕೆ, ಮಗುವಿನ ಲಸಿಕೆ, ಇವಿಷ್ಟೇ ಎಂದು ಅನೇಕರು ಭಾವಿಸಿರುತ್ತಾರೆ. ಇಂಥ ಪುಸ್ತಿಕೆಗಳ ಬಹುಭಾಗ ಆ ವಿಷಯಗಳಿಗೇ ಮೀಸಲಾಗಿರುವುದೂ ನಿಜ. ಆದರೆ ಗಂಡಹೆಂಡಿರು ಬೇರೆಯಾಗಲು ಹೊರಟ ಮನೆಯಲ್ಲಿ ಮಗುವಿನ ಊಟ, ಓದು, ಆರೋಗ್ಯ ಎಲ್ಲವೂ ಒಂದೇ ಪ್ರಶ್ನೆಗೆ ಕಟ್ಟುಬೀಳುತ್ತವೆ. ಮಗು ಯಾರ ಬಳಿ ಇರಬೇಕು? ಇದನ್ನು ತೀರ್ಮಾನಿಸತಕ್ಕವರು ನ್ಯಾಯಾಧೀಶರು. ಅವರ ಮುಂದೆ ಮಗುವಿನ ಸ್ಥಿತಿಗತಿಗಳನ್ನು ತೆರೆದಿಡತಕ್ಕವರು ವಕೀಲರು. ಆದುದರಿಂದ ಸರಿಯಾದ ವಕೀಲರನ್ನು ಕಂಡುಕೊಳ್ಳುವುದು ಮಗುವಿನ ಆರೈಕೆಯ ಒಂದು ಭಾಗವೆಂದೇ ತಿಳಿಯಬೇಕು.

ಹಳೇಬೀಡು ಹೋಬಳಿಯ ಒಂದು ಹಳ್ಳಿಯಲ್ಲಿ ವಾಸವಾಗಿರುವ ದಂಪತಿಗಳನ್ನು ಊಹಿಸಿಕೊಳ್ಳೋಣ. ಅವರಿಗೆ ಎರಡು ಎಕರೆ ಜಮೀನಿದೆ. ಎಂಟು ವರ್ಷದ ಮಗ, ನಾಲ್ಕು ವರ್ಷದ ಮಗಳು ಇದ್ದಾರೆ. ಎರಡು ಮೂರು ವರ್ಷಗಳಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ಕಡೆಗೆ ಹೆಂಡತಿ ಮಗಳನ್ನು ಕರೆದುಕೊಂಡು ಅರಸೀಕೆರೆ ತಾಲ್ಲೂಕಿನ ತನ್ನ ತವರಿಗೆ ಹೋದಳು. ಮಗ ಅಜ್ಜಿಯೊಡನೆ ಇಲ್ಲಿಯೇ ಉಳಿದ. ಉಭಯ ಕಡೆಯ ಹಿರಿಯರು ಸೇರಿ ಪಂಚಾಯಿತಿ ಮಾಡಿದರು. ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿ, ಗಂಡುಮಗು ತಂದೆಗೆ, ಹೆಣ್ಣುಮಗು ತಾಯಿಗೆ ಎಂದು ನಮೂದಿಸಿ, ಇಬ್ಬರಿಂದಲೂ ಸಹಿ ಹಾಕಿಸಿ, ನೋಟರಿಯ ಮೊಹರನ್ನೂ ಒತ್ತಿಸಿದರು. ಎಲ್ಲವೂ ಇತ್ಯರ್ಥವಾಯಿತೆಂದು ಎಲ್ಲರೂ ಮನೆಗೆ ಹೋದರು.

ಇತ್ಯರ್ಥವಾದದ್ದು ಏನೂ ಇಲ್ಲ. ಹಿಂದೂ ವಿವಾಹ ಅಧಿನಿಯಮ, 1955ರ ಮೇರೆಗೆ ವಿಚ್ಛೇದನವನ್ನು ನೀಡುವ ಅಧಿಕಾರ ನ್ಯಾಯಾಲಯಕ್ಕೆ ಮಾತ್ರ ಉಂಟು. ಜನಾಂಗದ ರೂಢಿಯ ಪ್ರಕಾರ ದೊರೆಯುವ ವಿಚ್ಛೇದನವನ್ನು ಅದೇ ಅಧಿನಿಯಮದ 29ನೆಯ ಕಲಂ ಉಳಿಸಿಕೊಂಡಿದೆಯಾದರೂ, ಅಂಥ ರೂಢಿ ಬಹುಕಾಲದಿಂದ ನಿರಂತರವಾಗಿ ನಡೆದುಬಂದಿದೆಯೆಂದು ಸಾಕ್ಷ್ಯದಿಂದ ರುಜುವಾತು ಪಡಿಸಬೇಕಾಗುತ್ತದೆ. ಬರಿಯ ಛಾಪಾ ಕಾಗದ, ನೋಟರಿಯ ಮೊಹರು ಆ ಕೆಲಸವನ್ನು ಮಾಡಲಾರವು. ಆ ಪತ್ರವನ್ನು ನಂಬಿ ಇಬ್ಬರಲ್ಲಿ ಯಾರಾದರೂ ಮರುಮದುವೆಯಾದರೆ ಹೊಸ ಸಂಕಟವೇ ಪ್ರಾರಂಭವಾಗುತ್ತದೆ. ಇನ್ನು ಮಕ್ಕಳ ವಿಷಯ. ತಂದೆತಾಯಿಗಳು ತಮ್ಮತಮ್ಮಲ್ಲಿ ಏನನ್ನೇ ಬರೆದುಕೊಂಡರೂ ಮಗುವಿನ ಹಿತಕ್ಕೆ ಅದು ಒಪ್ಪುವುದಿಲ್ಲವೆಂದು ಕಂಡರೆ ನ್ಯಾಯಾಲಯ ಅದಕ್ಕೆ ಬದ್ಧವಾಗಿರುವುದಿಲ್ಲ. ಊರಿನ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಕುಳಿತಿರಬಹುದು. ಆದರೆ ಅಣ್ಣತಂಗಿಯರನ್ನು ಎತ್ತುಗಳಂತೆ ಒಂದೊಂದು ಕೊಟ್ಟಿಗೆಗೆ ಹಂಚುವಾಗ ಆ ಮಕ್ಕಳನ್ನು ಯಾರೂ ಕೇಳಲಿಲ್ಲವೆಂಬುದನ್ನು ಗಮನಿಸಬೇಕು.

ಆರು ತಿಂಗಳು ಕಳೆಯುವುದರೊಳಗೆ ಮಗ ತಾಯಿಯನ್ನು ನೋಡಬೇಕೆಂದು ಹಟ ಹಿಡಿದ. ಅಜ್ಜಿಯ ಮನೆಯವರು ಕಳುಹಿಸಲಿಲ್ಲ. ತಾಯಿ ಬೇಲೂರಿನ ನ್ಯಾಯಾಲಯಕ್ಕೆ ಹೋಗುವುದೆಂದು ನಿಶ್ಚಯಿಸಿದಳು. ಈಗ ಆಕೆ ಏನು ತಿಳಿದಿರಬೇಕು?

ನ್ಯಾಯಾಲಯ ಮೊದಲು ನೋಡುವುದು ಏನನ್ನು

ವಕೀಲರ ಬಳಿಗೆ ಹೋಗುವ ಮೊದಲು ಕಾನೂನಿನ ತಿರುಳನ್ನು ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳಿತು. ತಿಳಿದಿದ್ದರೆ ವಕೀಲರ ಮಾತು ಅರ್ಥವಾಗುತ್ತದೆ, ಪೊಳ್ಳು ಭರವಸೆಯನ್ನು ಗುರುತಿಸುವುದಕ್ಕೂ ಸಾಧ್ಯವಾಗುತ್ತದೆ.

ಮಕ್ಕಳ ಸುಪರ್ದಿನ ಪ್ರಶ್ನೆಯಲ್ಲಿ ಮಗುವಿನ ಹಿತವೇ ಪರಮ ಪರಿಗಣನೆ. ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮ, 1956ರ 13ನೆಯ ಕಲಮಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಲಾಗಿದೆ. ತಂದೆಯ ಆಸ್ತಿ ಹೆಚ್ಚು, ತಾಯಿಗೆ ಸಂಪಾದನೆಯಿಲ್ಲ ಎಂಬ ಕಾರಣದಿಂದಲೇ ಮಗು ತಂದೆಗೆ ಸೇರುವುದಿಲ್ಲ. ತಾಯಿಯ ಸಂಪಾದನೆ ಕಡಿಮೆಯಾಗಿದ್ದರೆ ಮಗುವಿನ ಜೀವನಾಂಶವನ್ನು ತಂದೆಯಿಂದ ಕೊಡಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಅದೇ ರೀತಿ, ಹೆತ್ತವಳೆಂಬ ಒಂದೇ ಕಾರಣದಿಂದ ತಾಯಿಗೆ ತಾನಾಗಿಯೇ ಸುಪರ್ದು ದೊರೆಯುವುದೂ ಇಲ್ಲ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ಆ ಅಧಿನಿಯಮದ 6ನೆಯ ಕಲಂ ಹೇಳುತ್ತದೆ. ಸಾಮಾನ್ಯವಾಗಿ ಎಂಬ ಮಾತನ್ನು ಗಮನದಲ್ಲಿಡಬೇಕು. ಮಗುವಿನ ಹಿತಕ್ಕೆ ವಿರುದ್ಧವಾದ ಕಾರಣಗಳಿದ್ದರೆ ಈ ನಿಯಮ ಸಡಿಲವಾಗುತ್ತದೆ. ತಂದೆಯ ಅನಂತರವೇ ತಾಯಿ ಸಹಜ ಪೋಷಕಳೆಂದು ಅದೇ ಕಲಮನ್ನು ಓದಿಕೊಂಡು ಬಂದಿದ್ದ ವಾಡಿಕೆಯನ್ನು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ತಿದ್ದಿತು. ತಂದೆ ಬದುಕಿರುವಾಗಲೂ ಆತ ಮಗುವಿನ ಹೊಣೆಯಿಂದ ದೂರವಿದ್ದ ಸಂದರ್ಭದಲ್ಲಿ ತಾಯಿಯೇ ಸಹಜ ಪೋಷಕಳಾಗಬಲ್ಲಳೆಂದು ಆ ತೀರ್ಪಿನಿಂದ ಸ್ಪಷ್ಟವಾಯಿತು.

ಮುಸ್ಲಿಮ್ ಕುಟುಂಬಗಳಲ್ಲಿ ಹಿಜಾನತ್ ಎಂಬ ತಾಯಿಯ ಹಕ್ಕು ಉಂಟು. ಹನಫಿ ಪಂಥದಲ್ಲಿ ಗಂಡುಮಗುವಿಗೆ ಏಳು ವರ್ಷ ತುಂಬುವವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಅದು ನಡೆಯುತ್ತದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಅಧಿನಿಯಮ ಅನ್ವಯಿಸುತ್ತದೆ. ಎಲ್ಲ ಮತದವರಿಗೂ 1890ರ ಪೋಷಕರ ಮತ್ತು ಪೋಷಿತರ ಅಧಿನಿಯಮದ ಆಶ್ರಯವಿದೆ. ಯಾವ ದಾರಿಯಿಂದ ಹೋದರೂ ನ್ಯಾಯಾಧೀಶರು ಬಂದು ನಿಲ್ಲುವುದು ಮಗುವಿನ ಹಿತದ ಬಳಿಯಲ್ಲಿಯೇ.

ತಿಳುವಳಿಕೆ ಬಂದ ಮಗುವಿನ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದು. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಗುವನ್ನು ಕೂರಿಸಿಕೊಂಡು, ತಂದೆತಾಯಿಗಳನ್ನು ಹೊರಗಿರಿಸಿ, ಮೃದುವಾಗಿ ಮಾತನಾಡಿಸುವುದುಂಟು. ಅಂದು ಏನು ಹೇಳಬೇಕೆಂದು ಮಗುವಿಗೆ ಬಾಯಿಪಾಠ ಮಾಡಿಸುವವರಿದ್ದಾರೆ. ಇದು ಮಗುವಿನ ಮನಸ್ಸಿಗೆ ಮಾಡುವ ಗಾಯ. ಅಲ್ಲದೆ ಅನುಭವಿಗಳಾದ ನ್ಯಾಯಾಧೀಶರಿಗೆ ಪಾಠ ಒಪ್ಪಿಸುವ ಮಗುವನ್ನು ಗುರುತಿಸುವುದು ಕಷ್ಟವೇನಲ್ಲ.

ವಕೀಲರು ಎಲ್ಲಿ ದೊರೆಯುತ್ತಾರೆ

ನಮ್ಮ ಹಳ್ಳಿಗಳಲ್ಲಿ ವಕೀಲರು ಗೊತ್ತಾಗುವುದು ಬಹುಮಟ್ಟಿಗೆ ಜಮೀನಿನ ವ್ಯಾಜ್ಯಗಳಿಂದ. ಮಾವನ ಗಡಿ ತಕರಾರನ್ನು ಗೆದ್ದುಕೊಟ್ಟವರೆಂದು ಅವರ ಬಳಿಗೇ ಸೊಸೆಯ ವಿಚ್ಛೇದನವನ್ನೂ ಒಯ್ಯುತ್ತಾರೆ. ಅವರು ಸಮರ್ಥರೇ ಇರಬಹುದು. ಆದರೆ ಗಂಡನ ಕುಟುಂಬದ ವ್ಯವಹಾರಗಳನ್ನು ನಡೆಸಿಕೊಂಡು ಬಂದ ವಕೀಲರು ಹೆಂಡತಿಯ ಪರ ನಿಲ್ಲಬಲ್ಲರೇ ಎಂಬುದನ್ನು ಆಕೆ ಯೋಚಿಸಬೇಕು. ಒಂದು ವ್ಯಾಜ್ಯದಲ್ಲಿ ಒಂದು ಪಕ್ಷಕ್ಕೆ ಸಲಹೆ ಕೊಟ್ಟ ವಕೀಲರು ಅದೇ ವ್ಯಾಜ್ಯದಲ್ಲಿ ಎದುರು ಪಕ್ಷದ ಪರವಾಗಿ ನಡೆಯಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ಖರ್ಚು ಉಳಿಯಲೆಂದು ಇಬ್ಬರಿಗೂ ಒಬ್ಬರೇ ವಕೀಲರು ಸಾಕೆಂದು ಹೇಳುವವರ ಮಾತಿಗೆ, ಅದರಲ್ಲಿಯೂ ಮಕ್ಕಳ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವಾಗ, ಕಿವಿಗೊಡಬಾರದು.

ಹಣವಿಲ್ಲವೆಂಬ ಚಿಂತೆಯಿಂದ ಎಷ್ಟೋ ತಾಯಂದಿರು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತುವುದಿಲ್ಲ. ಈ ಚಿಂತೆಗೆ ಕಾರಣವಿಲ್ಲ. ಬಡತನದ ದೆಸೆಯಿಂದ ಯಾರೂ ನ್ಯಾಯದಿಂದ ವಂಚಿತರಾಗಬಾರದೆಂದು ಸಂವಿಧಾನಕ್ಕೆ 1976ರ ತಿದ್ದುಪಡಿಯಿಂದ 39ಎ ಅನುಚ್ಛೇದವನ್ನು ಸೇರಿಸಲಾಯಿತು. ಅದರ ಫಲವಾಗಿ ರಚಿತವಾದ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987, 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರ 12ನೆಯ ಕಲಮಿನ ಮೇರೆಗೆ ಹೆಂಗಸರು ಮತ್ತು ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಮೊದಲಾದವರು ತಮ್ಮ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ತವರುಮನೆಯವರಿಗೆ ತೋಟವಿದೆ, ಪಡಿತರ ಚೀಟಿಯಲ್ಲಿ ಹೆಸರಿಲ್ಲ ಎಂಬ ಕಾರಣದಿಂದ ಮಹಿಳೆಗೆ ನೆರವನ್ನು ನಿರಾಕರಿಸುವಂತಿಲ್ಲ. ಇತರ ಗಂಡಸರಿಗೆ ಸರ್ಕಾರ ಗೊತ್ತುಪಡಿಸಿದ ವಾರ್ಷಿಕ ಆದಾಯದ ಮಿತಿ ಅನ್ವಯಿಸುತ್ತದೆ. ಆದುದರಿಂದ ಬಡ ರೈತನಾದ ಗಂಡನೂ ಅರ್ಜಿ ಹಾಕಿಕೊಳ್ಳಬಹುದು.

ಈ ನೆರವಿಗಾಗಿ ಹಳೇಬೀಡಿನವರು ದೂರ ಹೋಗಬೇಕಾಗಿಲ್ಲ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ 16 ಕಿಲೋಮೀಟರು ದೂರದ ಬೇಲೂರಿನ ನ್ಯಾಯಾಲಯದ ಆವರಣದಲ್ಲಿದೆ. ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಹಾಸನದಲ್ಲಿದ್ದು, ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರಾಗಿರುತ್ತಾರೆ. ಬಿಳಿಯ ಕಾಗದದ ಮೇಲೆ ಅರ್ಜಿ ಬರೆದುಕೊಟ್ಟರೆ ಸಾಕು. ಓದುಬರಹ ಬಾರದವರು ಬಾಯಿಮಾತಿನಲ್ಲಿ ಹೇಳಿದರೆ ಅಲ್ಲಿಯ ಸಿಬ್ಬಂದಿ ಬರೆದುಕೊಳ್ಳುತ್ತಾರೆ. ದೂರವಾಣಿಯಲ್ಲಿ ವಿಚಾರಿಸಬೇಕಾದರೆ 15100 ಎಂಬ ಸಂಖ್ಯೆಗೆ ಕರೆ ಮಾಡಬಹುದು. ಅರ್ಜಿ ಮಂಜೂರಾದರೆ ವಕೀಲರ ಶುಲ್ಕ, ನ್ಯಾಯಾಲಯದ ಶುಲ್ಕ, ಸಮನ್ಸು ಜಾರಿಯ ವೆಚ್ಚ, ನಕಲುಗಳ ವೆಚ್ಚ ಎಲ್ಲವನ್ನೂ ಸಮಿತಿಯೇ ವಹಿಸುತ್ತದೆ. ಸಮಿತಿಯಿಂದ ನೇಮಕಗೊಂಡ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯಕೂಡದು. ಪಡೆದರೆ ಸಮಿತಿಗೆ ದೂರು ಕೊಡಬಹುದು, ಬೇರೆ ವಕೀಲರನ್ನು ಕೊಡಿಸಿರೆಂದು ಕೇಳಬಹುದು. ಪುಕ್ಕಟೆಯ ವಕೀಲರು ಮನಸ್ಸಿಟ್ಟು ನಡೆಸುವುದಿಲ್ಲವೆಂಬ ಮಾತು ಹಳ್ಳಿಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಮನಸ್ಸಿಡದ ವಕೀಲರು ಹಣ ಕೊಟ್ಟವರಿಗೂ ಸಿಕ್ಕಿದ್ದಾರೆ. ಕಕ್ಷಿದಾರರು ತಾವಾಗಿ ವಿಚಾರಿಸುತ್ತ, ಪ್ರತಿಯೊಂದು ವಾಯಿದೆಯನ್ನೂ ನೆನಪಿಟ್ಟುಕೊಂಡಿದ್ದರೆ ಎರಡೂ ಬಗೆಯ ವಕೀಲರಿಂದ ಕೆಲಸವಾಗುತ್ತದೆ.

ಸ್ವಂತ ಖರ್ಚಿನಿಂದ ವಕೀಲರನ್ನು ನೇಮಿಸಿಕೊಂಡರೂ, ಸ್ವಂತ ಆದಾಯವಿಲ್ಲದ ಗಂಡ ಅಥವಾ ಹೆಂಡತಿ ವ್ಯಾಜ್ಯದ ಖರ್ಚನ್ನು ಮತ್ತು ಮಧ್ಯಕಾಲದ ಜೀವನಾಂಶವನ್ನು ಎದುರು ಪಕ್ಷದಿಂದ ಕೊಡಿಸಬೇಕೆಂದು ಹಿಂದೂ ವಿವಾಹ ಅಧಿನಿಯಮದ 24ನೆಯ ಕಲಮಿನಡಿ ಕೇಳಬಹುದು. ನೋಟೀಸು ಜಾರಿಯಾದ 60 ದಿನಗಳೊಳಗಾಗಿ ಸಾಧ್ಯವಾದಮಟ್ಟಿಗೆ ಆ ಅರ್ಜಿಯನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ.

ಯಾವ ಊರಿನಲ್ಲಿ ಪ್ರಕರಣ ಹೂಡಬೇಕು? ಮದುವೆ ನಡೆದ ಸ್ಥಳ, ಇಬ್ಬರೂ ಕೊನೆಗೆ ಒಟ್ಟಿಗೆ ವಾಸವಿದ್ದ ಸ್ಥಳ, ಎದುರು ಪಕ್ಷದವರು ವಾಸವಿರುವ ಸ್ಥಳ ಇವುಗಳಲ್ಲಿ ಯಾವುದಾದರೂ ಆಗಬಹುದು. 2003ರ ತಿದ್ದುಪಡಿಯಾದಂದಿನಿಂದ ಅರ್ಜಿ ಹಾಕುವ ಹೆಂಡತಿ ತಾನು ವಾಸವಿರುವ ಸ್ಥಳದಲ್ಲಿಯೂ ಹೂಡಬಹುದು. ನಮ್ಮ ಉದಾಹರಣೆಯ ತಾಯಿ ಅರಸೀಕೆರೆಯಲ್ಲಿಯೇ ವಿಚ್ಛೇದನದ ಅರ್ಜಿ ಹಾಕುವುದಕ್ಕೆ ಅವಕಾಶವುಂಟು. ವಿಚ್ಛೇದನವನ್ನು ಕೇಳದೆ ಮಗುವಿನ ಸುಪರ್ದನ್ನಷ್ಟೇ 1890ರ ಅಧಿನಿಯಮದ ಮೇರೆಗೆ ಕೇಳುವುದಾದರೆ, ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿಯ ನ್ಯಾಯಾಲಯಕ್ಕೆ ಹೋಗಬೇಕು. ಹಾಸನದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ತಮ್ಮ ಪ್ರಕರಣ ಅಲ್ಲಿ ನಡೆಯತಕ್ಕದ್ದೋ ತಾಲ್ಲೂಕಿನಲ್ಲಿಯೋ ಎಂಬುದನ್ನು ಮೊದಲ ಭೇಟಿಯಲ್ಲಿಯೇ ಕೇಳಿ ತಿಳಿಯಬೇಕು. ಏಕೆಂದರೆ ವಾಯಿದೆಗೊಮ್ಮೆ ಬಸ್ಸಿನಲ್ಲಿ ಹೋಗಿಬರುವ ದೂರವೂ, ಕಳೆದುಕೊಳ್ಳುವ ಒಂದು ದಿನದ ಕೂಲಿಯೂ ಖರ್ಚೇ ಆಗಿದೆ. ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮ, 1984ರ 13ನೆಯ ಕಲಮಿನ ಪ್ರಕಾರ ಅಲ್ಲಿ ವಕೀಲರ ಮೂಲಕವೇ ವಾದಿಸುವ ಹಕ್ಕು ಪಕ್ಷಗಾರರಿಗೆ ಇರುವುದಿಲ್ಲ. ನ್ಯಾಯಾಲಯದ ಅನುಮತಿ ಬೇಕು. ಹಾಗೆಂದು ಹೆದರಬೇಕಾಗಿಲ್ಲ. ಆ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸತಕ್ಕದ್ದೆಂದೂ, ಗಂಡಹೆಂಡಿರು ತಮ್ಮ ಮಾತಿನಲ್ಲಿಯೇ ಹೇಳಿಕೊಳ್ಳಲು ಸಾಧ್ಯವಾಗಬೇಕೆಂದೂ ಈ ಏರ್ಪಾಡು ಮಾಡಲಾಗಿದೆ.

ಮೊದಲ ಭೇಟಿ

ನ್ಯಾಯಾಲಯದ ಎದುರಿನ ಚಹಾದ ಅಂಗಡಿಯಲ್ಲಿ ತಾನಾಗಿ ಬಂದು ಮಾತನಾಡಿಸಿ, ಇಂಥವರ ಬಳಿಗೆ ಕರೆದೊಯ್ಯುತ್ತೇನೆ, ಒಳಗಿನವರೆಲ್ಲ ನನಗೆ ಗೊತ್ತು ಎನ್ನುವ ದಲ್ಲಾಳಿಯಿಂದ ದೂರವಿರಬೇಕು. ಇಂಥವರನ್ನು ದಂಡಿಸುವ ಸಲುವಾಗಿ 2023ರಲ್ಲಿ ವಕೀಲರ ಅಧಿನಿಯಮಕ್ಕೆ ತಿದ್ದುಪಡಿಯನ್ನೂ ತರಲಾಗಿದೆ. ವಕೀಲರನ್ನು ನೇರವಾಗಿ ಅವರ ಕಛೇರಿಯಲ್ಲಿ ಕಾಣುವುದು ಸರಿಯಾದ ಕ್ರಮ. ಅವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾಗಿರುತ್ತಾರೆ. ನೋಂದಣಿ ಸಂಖ್ಯೆಯನ್ನು ಕೇಳುವುದು ಅಗೌರವವೇನಲ್ಲ, ವಕಾಲತ್ತಿನ ಕಾಗದದಲ್ಲಿ ಅದನ್ನು ಬರೆಯಲೇಬೇಕಾಗುತ್ತದೆ.

ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಮದುವೆಯ ಆಹ್ವಾನ ಪತ್ರಿಕೆ ಅಥವಾ ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಚೀಟಿ ಇವುಗಳ ನಕಲುಗಳಿರಲಿ. ಇವುಗಳೊಂದಿಗೆ ಹೆಚ್ಚಿನವರು ಮರೆಯುವ ಒಂದು ವಸ್ತುವುಂಟು. ಅದು ತಾಯಿ ಕಾರ್ಡು. ಮಗುವಿಗೆ ಒಂಬತ್ತು ತಿಂಗಳಿಗೆ ದಡಾರ ರುಬೆಲ್ಲಾ ಲಸಿಕೆ ಯಾವ ದಿನ ಹಾಕಿಸಲಾಯಿತು, ಒಂದೂವರೆ ವರ್ಷದ ಹೊತ್ತಿಗೆ ಅದರ ಎರಡನೆಯ ವರಸೆ ಬಿದ್ದಿತೇ, ತೂಕ ಹೇಗೆ ಏರುತ್ತ ಬಂದಿತು ಎಂಬುದೆಲ್ಲ ಅದರಲ್ಲಿ ತಾರೀಖು ಸಹಿತ ದಾಖಲಾಗಿರುತ್ತದೆ. ಮಗುವಿನ ಆರೈಕೆ ಹೇಗೆ ನಡೆದಿತ್ತೆಂಬುದಕ್ಕೆ ನೆರೆಯವರ ಹತ್ತು ಬಾಯಿಮಾತಿಗಿಂತ ಆ ಕಾರ್ಡು ಗಟ್ಟಿಯಾದ ಸಾಕ್ಷ್ಯ. ಶಾಲೆಗೆ ಕರೆದುಕೊಂಡು ಹೋಗುವವರು ಯಾರು, ಜ್ವರ ಬಂದಾಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಂದವರು ಯಾರು ಎಂಬ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ವಕೀಲರಿಗೆ ಅನುಕೂಲವಾಗುತ್ತದೆ. ಈ ಪುರಾವೆ ತಂದೆಗೂ ಅಷ್ಟೇ ಅನ್ವಯಿಸುತ್ತದೆ. ಹೆರಿಗೆಯ ಅನಂತರ ಬಳಲಿದ್ದ ಹೆಂಡತಿಯ ಬದಲಿಗೆ ಮಗುವನ್ನು ಎತ್ತಿಕೊಂಡು ಲಸಿಕೆಗೆ ಬಂದ ತಂದೆಯರನ್ನು ನಮ್ಮ ಆರೋಗ್ಯ ಸಹಾಯಕಿಯರು ಬಲ್ಲರು.

ವಕೀಲರಿಗೆ ನಿಜವನ್ನೇ ಹೇಳಬೇಕು. ತನಗೆ ಪ್ರತಿಕೂಲವಾದದ್ದನ್ನು ಮುಚ್ಚಿಟ್ಟರೆ ಅದು ಎದುರು ಪಕ್ಷದ ಪ್ರಶ್ನೆಯಲ್ಲಿ ಹೊರಬರುತ್ತದೆ, ಆಗ ವಕೀಲರಿಗೂ ದಾರಿ ಉಳಿಯುವುದಿಲ್ಲ. ಕಕ್ಷಿದಾರರು ಹೇಳಿದ್ದನ್ನು ವಕೀಲರು ಗೋಪ್ಯವಾಗಿಡಲು ಬದ್ಧರು.

ಅವರು ಕೇಳುವ ಪ್ರಶ್ನೆಗಳನ್ನೂ ಗಮನಿಸಿ. ಮಕ್ಕಳ ವಯಸ್ಸೇನು, ಈಗ ಎಲ್ಲಿ ಮಲಗುತ್ತಾರೆ, ಶಾಲೆ ತಪ್ಪಿದೆಯೇ, ಅಣ್ಣತಂಗಿ ಒಬ್ಬರನ್ನೊಬ್ಬರು ನೋಡಿ ಎಷ್ಟು ದಿನವಾಯಿತು ಎಂದು ಮೊದಲು ಕೇಳುವ ವಕೀಲರು ಸಿಕ್ಕಿದರೆ ಅರ್ಧ ಭಾರ ಇಳಿದಂತೆ. ಮಕ್ಕಳ ಹೆಸರನ್ನೂ ಕೇಳದೆ, ಗಂಡನ ಕಡೆಯವರೆಲ್ಲರ ಮೇಲೂ ನಾಲ್ಕು ಕೇಸು ಹಾಕಿದರೆ ತಾವಾಗಿ ದಾರಿಗೆ ಬರುತ್ತಾರೆ ಎಂದು ಹೇಳುವವರ ಬಳಿ ಎರಡು ಬಾರಿ ಯೋಚಿಸಬೇಕು. ಹೊಡೆತ, ಹಿಂಸೆ ನಿಜವಾಗಿ ನಡೆದಿದ್ದರೆ ಅದನ್ನು ಹೇಳಲೇಬೇಕು, ದೂರು ಕೊಡಲೇಬೇಕು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಅಧಿನಿಯಮ, 2005ರ 21ನೆಯ ಕಲಮಿನಡಿ ಮಕ್ಕಳ ತಾತ್ಕಾಲಿಕ ಸುಪರ್ದನ್ನೂ ಮ್ಯಾಜಿಸ್ಟ್ರೇಟರು ಕೊಡಬಲ್ಲರು. ಅಪಾಯವಿರುವಾಗ ವಕೀಲರಿಗಾಗಿ ಕಾಯದೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ, ಮಗುವಿಗೆ ಅಪಾಯವಿದ್ದರೆ 1098ಕ್ಕೆ ಕರೆ ಮಾಡಬೇಕು. ನಡೆಯದೇ ಇದ್ದುದನ್ನು ನಡೆಯಿತೆಂದು ಬರೆಯಿಸುವುದು ಬೇರೆ. ತಂದೆಯನ್ನು ಕಳ್ಳನೆಂದೋ ತಾಯಿಯನ್ನು ನಡತೆಗೆಟ್ಟವಳೆಂದೋ ಬರೆದ ಅರ್ಜಿಯನ್ನು ಆ ಮಗು ದೊಡ್ಡದಾದ ಮೇಲೆ ಓದಬಹುದು.

ಶುಲ್ಕದ ಮಾತನ್ನು ಸಂಕೋಚಪಡದೆ ಆಡಬೇಕು. ಇಡೀ ಪ್ರಕರಣಕ್ಕೆ ಎಷ್ಟು, ಈಗ ಎಷ್ಟು, ಮಧ್ಯಂತರ ಅರ್ಜಿಗಳಿಗೆ ಬೇರೆ ಕೊಡಬೇಕೇ ಎಂದು ಕೇಳಿ, ಕೊಟ್ಟ ಹಣಕ್ಕೆ ರಸೀತಿ ಪಡೆಯಬೇಕು. ಗೆದ್ದರೆ ಇಷ್ಟು ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಮಗುವನ್ನು ಖಂಡಿತ ಕೊಡಿಸುತ್ತೇನೆಂದು ಯಾವ ಪ್ರಾಮಾಣಿಕ ವಕೀಲರೂ ಹೇಳಲಾರರು. ವಕಾಲತ್ತಿಗೆ ಸಹಿ ಹಾಕುವ ಮುನ್ನ ಓದಿಸಿ ಕೇಳಿಕೊಳ್ಳಬೇಕು. ಖಾಲಿ ಕಾಗದಕ್ಕೆ, ಖಾಲಿ ಛಾಪಾ ಕಾಗದಕ್ಕೆ ಯಾವ ಕಾರಣಕ್ಕೂ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಕೂಡದು.

ತೀರ್ಪಿಗೆ ಮೊದಲಿನ ದಿನಗಳು

ಮಗು ನಲುಗುವುದು ತೀರ್ಪಿನ ದಿನದಲ್ಲಲ್ಲ, ಅದಕ್ಕೆ ಮುಂಚಿನ ತಿಂಗಳುಗಳಲ್ಲಿ. ಆದುದರಿಂದ ವಕೀಲರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಪ್ರಕರಣ ಮುಗಿಯುವ ತನಕ ಮಕ್ಕಳ ಗತಿಯೇನು? ಹಿಂದೂ ವಿವಾಹ ಅಧಿನಿಯಮದ 26ನೆಯ ಕಲಮಿನ ಮೇರೆಗೆ ಮಕ್ಕಳ ಸುಪರ್ದು, ಜೀವನಾಂಶ, ವಿದ್ಯಾಭ್ಯಾಸಗಳ ಬಗ್ಗೆ ನ್ಯಾಯಾಲಯ ಮಧ್ಯಂತರ ಆದೇಶ ಕೊಡಬಹುದು. ಅಂತಿಮ ತೀರ್ಪಾದ ಮೇಲೂ ಸನ್ನಿವೇಶ ಬದಲಾದಂತೆ ಆದೇಶವನ್ನು ಮಾರ್ಪಡಿಸಬಹುದು. ಮಗುವನ್ನು ನೋಡಲು ಬಿಡದಿದ್ದರೆ ಭೇಟಿಗಾಗಿ ಪ್ರತ್ಯೇಕ ಅರ್ಜಿ ಹಾಕಬಹುದು. ನಮ್ಮ ಉದಾಹರಣೆಯ ತಾಯಿ ಮೊದಲ ವಾಯಿದೆಯಲ್ಲಿಯೇ ಕೇಳಿಕೊಳ್ಳತಕ್ಕದ್ದು ಇದನ್ನೇ. ಇಬ್ಬರು ಮಕ್ಕಳೂ ವಾರಕ್ಕೊಮ್ಮೆಯಾದರೂ ಒಂದೆಡೆ ಸೇರುವಂತಾದರೆ ಉಳಿದ ವಾದಗಳು ಕಾಯಬಲ್ಲವು.

ಈ ಅವಧಿಯಲ್ಲಿ ಶಾಲೆಯ ಬಾಗಿಲಿನಿಂದ ಮಗುವನ್ನು ಎತ್ತಿಕೊಂಡು ಹೋಗುವ ಕೆಲಸಕ್ಕೆ ಎರಡು ಕಡೆಯವರೂ ಇಳಿಯಬಾರದು. ಕೈಯಲ್ಲಿರುವವನದೇ ಮಗು ಎಂಬ ಎಣಿಕೆ ತಪ್ಪು. ಹಾಗೆ ಒಯ್ದ ಮಗುವನ್ನು ಒಪ್ಪಿಸಬೇಕೆಂದು ಉಚ್ಚ ನ್ಯಾಯಾಲಯಕ್ಕೆ ಬಂದೀ ಪ್ರತ್ಯಕ್ಷೀಕರಣದ ಅರ್ಜಿ ಹೋಗಬಹುದು, ಮತ್ತು ಕಿತ್ತುಕೊಂಡು ಹೋದವರ ನಡತೆ ಮುಂದಿನ ತೀರ್ಪಿನಲ್ಲಿ ಅವರಿಗೇ ಮುಳುವಾಗಬಹುದು. ಐದಾರು ವರ್ಷದಲ್ಲಿ ಹಾಕಿಸಬೇಕಾದ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ನಿರೋಧಕ ಚುಚ್ಚುಮದ್ದು ಇಂಥ ಮನೆಗಳಲ್ಲಿ ತಪ್ಪಿಹೋಗುವ ಸಂಭವ ಹೆಚ್ಚು. ಮಗು ಎಲ್ಲಿದ್ದರೆ ಅಲ್ಲಿಯ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಸಾಕು, ಊರು ಬದಲಾಯಿತೆಂದು ಲಸಿಕೆ ನಿರಾಕರಿಸುವಂತಿಲ್ಲ.

ಇಬ್ಬರ ಬಳಿಯಲ್ಲಿಯೂ ಮಗು ಬೆಳೆಯುವ ಏರ್ಪಾಡು ಸಾಧ್ಯವೇ? ಸಾಧ್ಯವೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ 2013ರಲ್ಲಿ ಒಂದು ಪ್ರಕರಣದಲ್ಲಿ ತೋರಿಸಿತು. ಪ್ರತಿ ವರ್ಷ ಜನವರಿಯಿಂದ ಜೂನ್ ಕೊನೆಯವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ಕೊನೆಯವರೆಗೆ ತಾಯಿಯ ಬಳಿ ಮಗು ಇರತಕ್ಕದ್ದು. ಶನಿವಾರ ಭಾನುವಾರಗಳಲ್ಲಿ ಇನ್ನೊಬ್ಬರು ಭೇಟಿಯಾಗಬಹುದು. ವಿದ್ಯಾಭ್ಯಾಸ ಮುಂತಾದ ಖರ್ಚನ್ನು ಇಬ್ಬರೂ ಸಮನಾಗಿ ಭರಿಸತಕ್ಕದ್ದು. ಒಬ್ಬರ ಬಳಿ ಇರುವಾಗ ಇನ್ನೊಬ್ಬರೊಡನೆ ದೂರವಾಣಿಯಲ್ಲಿ ಮಾತನಾಡಲು ಮಗುವಿಗೆ ಅವಕಾಶವಿರತಕ್ಕದ್ದು ಎಂದು ಆದೇಶವಾಯಿತು. ಭಾರತದ ಕಾನೂನು ಆಯೋಗ 2015ರಲ್ಲಿ ಸಲ್ಲಿಸಿದ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದನ್ನು ಶಿಫಾರಸು ಮಾಡುವಾಗ ಈ ತೀರ್ಪನ್ನು ಉಲ್ಲೇಖಿಸಿದೆ.

ಆದರೆ ಈ ಮಾದರಿಯನ್ನು ಹಳ್ಳಿಗೆ ಹಾಗೆಯೇ ತರುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ತಂದೆತಾಯಿಗಳಿಬ್ಬರೂ ಒಂದೇ ನಗರದಲ್ಲಿದ್ದು ಶಾಲೆ ಬದಲಾಗದಿದ್ದರೆ ಅದು ನಡೆಯುತ್ತದೆ. ತಂದೆ ಹಳೇಬೀಡಿನ ಕಡೆ, ತಾಯಿ ಅರಸೀಕೆರೆಯ ಕಡೆ ಇದ್ದರೆ ವರ್ಷದ ನಡುವೆ ಶಾಲೆ ಬದಲಿಸಬೇಕಾಗುತ್ತದೆ. ಅಂಥಲ್ಲಿ ಶಾಲೆಯ ದಿನಗಳಲ್ಲಿ ಒಂದು ಮನೆ, ದಸರೆಯ ಮತ್ತು ಬೇಸಿಗೆಯ ರಜೆಗಳಲ್ಲಿ ಇನ್ನೊಂದು ಮನೆ, ತಿಂಗಳಿಗೆ ಎರಡು ಭಾನುವಾರ ಭೇಟಿ, ಹಬ್ಬಗಳನ್ನು ವರ್ಷಬಿಟ್ಟು ವರ್ಷ ಹಂಚಿಕೊಳ್ಳುವುದು ಎಂಬ ಬಗೆಯ ಏರ್ಪಾಡು ಮೇಲು. ಇದನ್ನು ನ್ಯಾಯಾಧೀಶರು ಊಹಿಸಿಕೊಳ್ಳಲಾರರು. ಬಸ್ಸು ಎಷ್ಟು ಹೊತ್ತಿಗಿದೆ, ಆಲೂಗಡ್ಡೆ ಕೀಳುವ ದಿನಗಳಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಮಗುವನ್ನು ಎಲ್ಲಿ ಒಪ್ಪಿಸುವುದು ಎಂಬುದನ್ನೆಲ್ಲ ಬರೆದುಕೊಡುವುದು ವಕೀಲರ ಕೆಲಸ, ಅವರಿಗೆ ಅದನ್ನು ತಿಳಿಸುವುದು ನಿಮ್ಮ ಕೆಲಸ. ಉಭಯ ಪಕ್ಷದ ವಕೀಲರು ಕುಳಿತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ರಾಜಿಯ ಮೂಲಕ ನ್ಯಾಯಾಲಯಕ್ಕೆ ಸಲ್ಲಿಸಿ ಒಪ್ಪಿಗೆ ಪಡೆದರೆ, ಅದಕ್ಕೆ ಊರ ಪಂಚಾಯಿತಿಯ ಛಾಪಾ ಕಾಗದಕ್ಕೆ ಇಲ್ಲದ ಬಲವಿರುತ್ತದೆ.

ಪ್ರಕರಣದ ಮುಂದಿನ ವಾಯಿದೆಯನ್ನು ತಿಳಿಯಲು ವಕೀಲರನ್ನೇ ಅವಲಂಬಿಸಬೇಕಾಗಿಲ್ಲ. ಪ್ರತಿಯೊಂದು ಪ್ರಕರಣಕ್ಕೂ ಸಿಎನ್ಆರ್ ಎಂಬ 16 ಅಕ್ಷರಾಂಕಗಳ ಗುರುತುಸಂಖ್ಯೆಯಿರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ ಸೇವೆಯಲ್ಲಿ ಮೊಬೈಲಿನಿಂದಲೇ ಯಾರಾದರೂ ನೋಡಿ ಹೇಳಬಲ್ಲರು. ವಕೀಲರು ಪದೇಪದೇ ಗೈರುಹಾಜರಾದರೆ ಬದಲಾಯಿಸುವ ಹಕ್ಕು ಕಕ್ಷಿದಾರರಿಗಿದೆ. ಶುಲ್ಕ ಬಾಕಿಯಿದೆಯೆಂಬ ಕಾರಣದಿಂದ ಕಕ್ಷಿದಾರರ ಕಾಗದಪತ್ರಗಳನ್ನು ವಕೀಲರು ತಡೆಹಿಡಿಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ತೀರ್ಮಾನಿಸಿದೆ. ಗಂಭೀರವಾದ ದುರ್ನಡತೆಯಾಗಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸಬಹುದು. ಆದರೂ ಪ್ರತಿ ಸಣ್ಣ ಅಸಮಾಧಾನಕ್ಕೂ ವಕೀಲರನ್ನು ಬದಲಿಸುತ್ತ ಹೋದರೆ ಪ್ರಕರಣ ಎಳೆಯುತ್ತದೆ, ಮಗುವಿಗೆ ಒಂದೊಂದು ವರ್ಷ ಕಳೆಯುತ್ತದೆ.

ಆದೇಶ ದೊರೆತ ಮೇಲೆ ಅದರ ದೃಢೀಕೃತ ನಕಲನ್ನು ಪಡೆಯಬೇಕು. ಒಂದು ಪ್ರತಿಯನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೂ, ಚಿಕ್ಕ ಮಗುವಾಗಿದ್ದರೆ ಅಂಗನವಾಡಿ ಕಾರ್ಯಕರ್ತೆಗೂ ಕೊಟ್ಟಿರಬೇಕು. ಭಾನುವಾರ ಬೆಳಿಗ್ಗೆ ತಂದೆಯೋ ತಾಯಿಯೋ ಬಂದು ಬಾಗಿಲಲ್ಲಿ ನಿಂತಾಗ ಮಗುವನ್ನು ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಸಿದ್ಧಮಾಡಿ ಇಟ್ಟಿರುವುದು ಮಾತ್ರ ಯಾವ ಆದೇಶದಲ್ಲಿಯೂ ಬರೆದಿರುವುದಿಲ್ಲ.